ರಾತ್ರಿಯಿಡೀ ತಲೆಗೆ ಎಣ್ಣೆ: ಒಣ ನೆತ್ತಿಗೆ ಮದ್ದು, ಹೊಟ್ಟಿಗೆ ಊಟ

ಇವತ್ತು ತಲೆಯ ವಿಷಯ. ಕೂದಲಲ್ಲ, ಕೂದಲ ಕೆಳಗಿರೋ ಚರ್ಮ. ನೆತ್ತಿ ಒಣಗಿದೆ, ತುರಿಸುತ್ತೆ, ಬಿಳಿ ಪುಡಿ ಉದುರುತ್ತೆ, ರಾತ್ರಿ ಏನು ಹಚ್ಚಿ ಮಲಗ್ಲಿ ಅನ್ನೋ ಪ್ರಶ್ನೆ ನಮಗೆ ಬಂದಷ್ಟು ಸಲ ಈಚೆಗೆ ಬೇರೆ ಯಾವ ಪ್ರಶ್ನೆನೂ ಬಂದಿಲ್ಲ.

ಅದರಲ್ಲಿ ಒಂದು ವಾಯ್ಸ್ ನೋಟ್ ಇಲ್ಲಿ ಹಾಕ್ತೀನಿ. ಕಳಿಸಿದವರು ಇಂಜಿನಿಯರಿಂಗ್ ಕೊನೇ ವರ್ಷದ ವಿದ್ಯಾರ್ಥಿನಿ, ಊರು ಶಿರಸಿ ಕಡೆ, ಈಗ ಬೆಂಗಳೂರಲ್ಲಿ ಪಿಜಿ. "ಊರಲ್ಲಿದ್ದಾಗ ಏನೂ ಇರ್ಲಿಲ್ಲ. ಇಲ್ಲಿಗೆ ಬಂದ್ಮೇಲೆ ತಲೆ ಬಿರಿದ ಹಾಗೆ ಅನ್ಸತ್ತೆ. ರಾತ್ರಿ ತುರಿಕೆಗೆ ಎಚ್ಚರ ಆಗತ್ತೆ. ಅಮ್ಮ ದಿನಾ ಕೊಬ್ಬರಿ ಎಣ್ಣೆ ಹಚ್ಕೊಂಡು ಮಲಗು ಅಂತಾರೆ. ಹಚ್ತೀನಿ. ಒಂದೆರಡು ದಿನ ಚೆನ್ನಾಗಿರತ್ತೆ, ತಲೆ ತೊಳೆದು ಎರಡು ದಿನಕ್ಕೆ ಮೊದಲಿಗಿಂತ ಜಾಸ್ತಿ ಉದುರತ್ತೆ. ಮುಂದಿನ ತಿಂಗಳು ಪ್ಲೇಸ್‌ಮೆಂಟ್ ಇಂಟರ್‌ವ್ಯೂ. ಕಪ್ಪು ಬ್ಲೇಜರ್ ಹಾಕ್ಕೋಬೇಕು. ಏನ್ ಮಾಡ್ಲಿ?"

ಈ ಪ್ರಶ್ನೆ ತಮಾಷೆಯದ್ದಲ್ಲ. ನಿದ್ದೆ ಕೆಡ್ತಿದೆ, ಹೆಗಲ ಮೇಲೆ ಬಿಳಿ ಪುಡಿ ಇಟ್ಕೊಂಡು ನಾಲ್ಕು ಜನರ ಮುಂದೆ ಕೂರಬೇಕು, ಅದೂ ಕೆಲಸ ಕೇಳೋಕೆ. ನಾನು ಡಾಕ್ಟರ್ ಅಲ್ಲ. ಆದ್ರೆ ಈ ವಿಷಯದಲ್ಲಿ ಚರ್ಮವೈದ್ಯರು ಏನು ಹೇಳ್ತಾರೆ, ಸಂಶೋಧನೆ ಏನು ಹೇಳುತ್ತೆ ಅಂತ ಓದಿ ನೋಡಿದಾಗ ಒಂದು ಮಾತು ಎಲ್ಲಕ್ಕಿಂತ ಮೊದಲು ಬರುತ್ತೆ: ಎಣ್ಣೆ ಬಾಟಲಿ ಮುಚ್ಚಳ ತೆಗೆಯೋ ಮುಂಚೆ, ನಿಮ್ಮದು ಒಣ ನೆತ್ತಿನಾ ಅಥವಾ ಹೊಟ್ಟಾ ಅಂತ ಗೊತ್ತು ಮಾಡ್ಕೊಳ್ಳಿ. ಎರಡೂ ಉದುರಿಸೋದು ಬಿಳಿ ಪುಡಿನೇ. ಎರಡೂ ತುರಿಸುತ್ತೆ. ಆದ್ರೆ ಒಂದಕ್ಕೆ ರಾತ್ರಿಯಿಡೀ ಎಣ್ಣೆ ಇಟ್ರೆ ಒಳ್ಳೇದಾಗುತ್ತೆ, ಇನ್ನೊಂದಕ್ಕೆ ಇಟ್ರೆ ಹೆಚ್ಚಾಗೋ ಸಾಧ್ಯತೆನೇ ಜಾಸ್ತಿ.

ಮೊದಲು ಒಣ ನೆತ್ತಿ. ನಮ್ಮ ಚರ್ಮದ ಹೊರಪದರವನ್ನ ಇಟ್ಟಿಗೆ ಗೋಡೆ ಅಂದ್ಕೊಳ್ಳಿ. ಸತ್ತ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಜಿಡ್ಡು ಗಾರೆ. ಗಾರೆ ತೊಳೆದು ಹೋದ್ರೆ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತೆ, ಇಟ್ಟಿಗೆ ಸಡಿಲವಾಗಿ ಉದುರುತ್ತೆ. ಇಷ್ಟೇ ಕಥೆ. ತುಂಬಾ ಬಿಸಿ ನೀರು, ದಿನಾ ಖಾರವಾದ ಶಾಂಪೂ, ತಲೆಗೂ ಮೈ ಸೋಪು, ಡಿಸೆಂಬರ್-ಜನವರಿಯ ಒಣ ಗಾಳಿ, ಇಡೀ ದಿನ ಎಸಿ, ಇವೆಲ್ಲ ಗಾರೆ ತೊಳೆಯೋ ಕೆಲಸ ಮಾಡ್ತವೆ. ಇದರ ಗುರುತು: ಪುಡಿ ಸಣ್ಣದಾಗಿ, ಬೆಳ್ಳಗೆ, ಒಣಗಿರುತ್ತೆ. ತಲೆ ಕೊಡವಿದ್ರೆ ಹಿಟ್ಟಿನ ಹಾಗೆ ಬೀಳುತ್ತೆ. ತಲೆ ತೊಳೆದ ದಿನವೇ ನೆತ್ತಿ ಬಿಗಿದ ಹಾಗೆ ಅನ್ಸುತ್ತೆ. ತಲೆ ಒಂದೇ ಅಲ್ಲ, ಮೊಣಕಾಲ ಕೆಳಗೆ, ಕೈ ಮೇಲೆ ಉಗುರಲ್ಲಿ ಗೆರೆ ಎಳೆದ್ರೂ ಬಿಳಿ ಗೀಟು ಮೂಡುತ್ತೆ.

ಹೊಟ್ಟು ಬೇರೆಯೇ ಕಥೆ. ಅದಕ್ಕೆ ಕಾರಣ ಒಣಗಿರೋದಲ್ಲ. ಹೆಚ್ಚಿನ ಸಲ ಉಲ್ಟಾ, ಜಿಡ್ಡು ಇರೋ ತಲೆಯಲ್ಲೇ ಅದು ಬರೋದು. ಮಲಸೇಜಿಯಾ ಅನ್ನೋ ಯೀಸ್ಟ್, ಅಂದ್ರೆ ಒಂದು ಜಾತಿಯ ಶಿಲೀಂಧ್ರ, ನಮ್ಮೆಲ್ಲರ ತಲೆ ಮೇಲೂ ವಾಸ ಮಾಡುತ್ತೆ. ಕೊಳಕಿಗೂ ಅದಕ್ಕೂ ಸಂಬಂಧ ಇಲ್ಲ, ನಾಚಿಕೆ ಪಡೋ ಅಗತ್ಯನೂ ಇಲ್ಲ. ಈ ಯೀಸ್ಟಿಗೆ ಒಂದು ವಿಚಿತ್ರ ಕೊರತೆ ಇದೆ: ತನಗೆ ಬೇಕಾದ ಕೊಬ್ಬಿನ ಆಮ್ಲವನ್ನ ತಾನೇ ತಯಾರಿಸ್ಕೊಳ್ಳೋಕೆ ಬರಲ್ಲ. ಹಾಗಾಗಿ ನಮ್ಮ ಎಣ್ಣೆ ಗ್ರಂಥಿಗಳಿಂದ ಬರೋ ಜಿಡ್ಡನ್ನ ಒಡೆದು, ಅದರಲ್ಲಿರೋ ಸ್ಯಾಚುರೇಟೆಡ್ ಕೊಬ್ಬನ್ನ ತಾನು ತಿಂದು, ಉಳಿದದ್ದನ್ನ ಅಲ್ಲೇ ಬಿಡುತ್ತೆ. ಹಾಗೆ ಬಿಟ್ಟದ್ದರಲ್ಲಿ ಮುಖ್ಯವಾದದ್ದು ಓಲಿಯಿಕ್ ಆಮ್ಲ. ಕೆಲವರ ಚರ್ಮ ಇದನ್ನ ತಡ್ಕೊಳ್ಳುತ್ತೆ. ಇನ್ನು ಕೆಲವರ ಚರ್ಮಕ್ಕೆ ಅದು ಕಿರಿಕಿರಿ. ಕಿರಿಕಿರಿ ಆದಾಗ ಚರ್ಮ ಏನು ಮಾಡುತ್ತೆ? ಬೇಗ ಬೇಗ ಹೊಸ ಪದರ ಕಟ್ಟಿ ಹಳೇದನ್ನ ದೂಡುತ್ತೆ. ಪೂರ್ತಿ ಹಣ್ಣಾಗದ ಜೀವಕೋಶಗಳು ಗುಂಪು ಗುಂಪಾಗಿ ಕಿತ್ತು ಬರ್ತವೆ. ಅದೇ ನಾವು ನೋಡೋ ಹೊಟ್ಟು. ಶಿಲೀಂಧ್ರವನ್ನೇ ಬಿಟ್ಟು ಬರೀ ಓಲಿಯಿಕ್ ಆಮ್ಲವನ್ನ ನೆತ್ತಿಗೆ ಹಚ್ಚಿ ನೋಡಿದಾಗಲೂ ಹೊಟ್ಟಿನ ಸ್ವಭಾವ ಇರೋರಿಗೆ ಪದರ ಎದ್ದಿತು, ಇಲ್ಲದೋರಿಗೆ ಏಳ್ಲಿಲ್ಲ ಅಂತ ಪ್ರಯೋಗ ಮಾಡಿ ತೋರಿಸಿದ್ದಾರೆ.

ಹೊಟ್ಟಿನ ಗುರುತು: ಪುಡಿಗಿಂತ ಚಕ್ಕೆ ಅನ್ನಬಹುದು. ಸ್ವಲ್ಪ ದೊಡ್ಡದು, ಹಳದಿ ಛಾಯೆ, ಬೆರಳಲ್ಲಿ ಉಜ್ಜಿದ್ರೆ ಜಿಡ್ಡು ಜಿಡ್ಡು. ತಲೆ ತೊಳೆದ ಎರಡನೇ ದಿನಕ್ಕೇ ಕೂದಲ ಬುಡ ಎಣ್ಣೆ ಎಣ್ಣೆ. ಕನ್ನಡಿ ಹತ್ರ ಹೋಗಿ ಹುಬ್ಬು, ಮೂಗಿನ ಎರಡೂ ಪಕ್ಕ, ಕಿವಿಯ ಹಿಂದೆ ನೋಡಿ. ಅಲ್ಲೂ ಕೆಂಪಾಗಿ ಸಿಪ್ಪೆ ಎದ್ದಿದ್ರೆ ಅದು ಒಣ ಚರ್ಮ ಅಲ್ಲ. ಡಾಕ್ಟರ್‌ಗಳು ಇದನ್ನ ಸೆಬೊರಿಕ್ ಡರ್ಮಟೈಟಿಸ್ ಅಂತಾರೆ, ಹೊಟ್ಟಿನ ದೊಡ್ಡಣ್ಣ.

ಈಗ ಶಿರಸಿಯ ಆ ತಂಗಿಯ ಮಾತಿಗೆ ಬರೋಣ. "ಎಣ್ಣೆ ಹಚ್ಚಿದಾಗ ಚೆನ್ನಾಗಿರತ್ತೆ, ತೊಳೆದು ಎರಡು ದಿನಕ್ಕೆ ಜಾಸ್ತಿ ಉದುರತ್ತೆ." ಇದೇ ಸುಳಿವು. ಎಣ್ಣೆ ಬಿದ್ದ ಚಕ್ಕೆ ನೆತ್ತಿಗೆ ಅಂಟಿಕೊಳ್ಳುತ್ತೆ, ಒದ್ದೆ ಕಾಗದದ ಹಾಗೆ ಪಾರದರ್ಶಕವೂ ಆಗುತ್ತೆ. ಕಣ್ಣಿಗೆ ಕಾಣಲ್ಲ. ನಮಗೆ ವಾಸಿ ಆಯ್ತು ಅನ್ಸುತ್ತೆ. ಆದ್ರೆ ಅದು ಅಲ್ಲೇ ಇದೆ, ಬರೀ ಮುಚ್ಚಿಟ್ಟಿದೀವಿ. ನಿಜವಾದ ಒಣ ನೆತ್ತಿಯಾಗಿದ್ರೆ ಎಣ್ಣೆ ತೊಳೆದ ಮೇಲೂ ಕೆಲವು ದಿನ ಆ ಹಾಯಿ ಉಳಿಯಬೇಕು. ದೂರದಿಂದ ಕೇಳಿ ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ನನ್ನ ಅಂದಾಜು, ಇವರದ್ದು ಹೊಟ್ಟು.

ಮನೆಯಲ್ಲೇ ಒಂದು ಪರೀಕ್ಷೆ ಮಾಡ್ಬಹುದು. ಹತ್ತು ದಿನ ನೆತ್ತಿಗೆ ಎಣ್ಣೆ ಪೂರ್ತಿ ಬಿಡಿ. ಮೂರು ದಿನಕ್ಕೊಮ್ಮೆ ಸೌಮ್ಯವಾದ ಶಾಂಪೂನಲ್ಲಿ, ಉಗುರು ಬೆಚ್ಚಗಿನ ನೀರಲ್ಲಿ ತೊಳೀರಿ. ಬೇರೆ ಏನೂ ಹಚ್ಚಬೇಡಿ. ತೊಳೆದ ದಿನವೇ ಬಿಗಿತ, ಪುಡಿ ಹೆಚ್ಚು ಅಂದ್ರೆ ಒಣ ನೆತ್ತಿಯ ಕಡೆಗೆ ಬೆರಳು ತೋರಿಸುತ್ತೆ. ತೊಳೆದ ದಿನ ಹಾಯಾಗಿದ್ದು, ಎರಡು ಮೂರನೇ ದಿನ ಜಿಡ್ಡಿನ ಜೊತೆಗೇ ತುರಿಕೆ ಏರಿದ್ರೆ ಹೊಟ್ಟು. ಕಪ್ಪು ಟೀ ಶರ್ಟ್ ಹಾಕ್ಕೊಂಡು ನೋಡಿ, ಸುಲಭವಾಗಿ ಗೊತ್ತಾಗುತ್ತೆ. ಹಾಸ್ಟೆಲ್‌ನಲ್ಲಿ ಇರೋರು ಇನ್ನೊಂದನ್ನೂ ನೋಡ್ಬೇಕು: ಹೇನು. ಕೂದಲಿಗೆ ಅಂಟಿರೋ ಬಿಳಿ ಚುಕ್ಕೆ ಬೆರಳಲ್ಲಿ ತಟ್ಟಿದ್ರೆ ಹಾರಿ ಹೋದ್ರೆ ಹೊಟ್ಟು. ಎಳೆದ್ರೂ ಜಾರದೆ ಕೂದಲಿಗೇ ಅಂಟಿದ್ರೆ ಅದು ಸೀರು.

ಸರಿ, ನಿಮ್ಮದು ನಿಜವಾಗ್ಲೂ ಒಣ ನೆತ್ತಿ ಅಂತ ಆಯ್ತು. ಆಗ ರಾತ್ರಿ ಆರೈಕೆಗೆ ಅರ್ಥ ಇದೆ, ಬರೀ ಅಜ್ಜಿ ಹೇಳಿದ್ರು ಅಂತಲ್ಲ. ಸಂಜೆಯಿಂದ ರಾತ್ರಿಗೆ ಚರ್ಮದಿಂದ ಆವಿಯಾಗೋ ನೀರಿನ ಪ್ರಮಾಣ ಹೆಚ್ಚುತ್ತೆ. ತುರಿಕೆನೂ ರಾತ್ರಿನೇ ಹೆಚ್ಚು. ಹಗಲಲ್ಲಿ ನೂರೆಂಟು ಗಮನ, ರಾತ್ರಿ ದಿಂಬಿಗೆ ತಲೆ ಇಟ್ಟಾಗ ಅದೊಂದೇ ಗಮನ. ಆ ಹೊತ್ತಲ್ಲಿ ನೆತ್ತಿ ಮೇಲೊಂದು ತೆಳು ಎಣ್ಣೆ ಪದರ ಇದ್ರೆ ನೀರು ಆವಿಯಾಗೋದನ್ನ ತಡೆಯುತ್ತೆ. 2004ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಒಣ ಚರ್ಮ ಇರೋ 34 ಜನರ ಮೇಲೆ ಕೊಬ್ಬರಿ ಎಣ್ಣೆ ಮತ್ತು ಮಿನರಲ್ ಆಯಿಲ್ ಹೋಲಿಸಿ ನೋಡಿದ್ರು. ಎರಡೂ ಹೆಚ್ಚೂಕಮ್ಮಿ ಸಮವಾಗಿ ಕೆಲಸ ಮಾಡಿದವು. ಅದು ಕಾಲಿನ ಚರ್ಮದ ಪರೀಕ್ಷೆ, ನೆತ್ತಿಯದ್ದಲ್ಲ. ಆದ್ರೂ ಒಂದು ವಿಷಯ ತಿಳಿಯುತ್ತೆ: ಇಲ್ಲಿ ಮಂತ್ರ ಏನೂ ಇಲ್ಲ, ಪದರ ಕೂತ್ರೆ ಸಾಕು. ಹದಿನೈದು ಗಿಡಮೂಲಿಕೆ ಹಾಕಿದೀವಿ ಅಂತ ರೀಲ್ಸ್‌ನಲ್ಲಿ ಮಾರೋ ದುಬಾರಿ ಬಾಟಲಿ ಬೇಕಿಲ್ಲ. ಘಾಟು ವಾಸನೆ ಇರೋ ಎಣ್ಣೆಯಂತೂ ಬೇಡವೇ ಬೇಡ, ಒಣಗಿ ಬಿರಿದ ಚರ್ಮಕ್ಕೆ ಸುಗಂಧದ್ರವ್ಯನೇ ಅಲರ್ಜಿ ಆಗಬಹುದು.

ಹಾಗಂತ ಯಾವ ಎಣ್ಣೆಯಾದ್ರೂ ಆಯ್ತು ಅಂತಲೂ ಅಲ್ಲ. ಆಲಿವ್ ಎಣ್ಣೆಗೆ ಈಗ ಭಾರಿ ಹೆಸರು. ಅದರ ಬಹುಪಾಲು ಅದೇ ಓಲಿಯಿಕ್ ಆಮ್ಲ. ಬ್ರಿಟನ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಲಿವ್ ಎಣ್ಣೆ ಹಚ್ಚಿದ ಜಾಗದಲ್ಲಿ ಚರ್ಮದ ಗೋಡೆ ದುರ್ಬಲ ಆಗಿತ್ತು, ಸೂರ್ಯಕಾಂತಿ ಎಣ್ಣೆ ಹಚ್ಚಿದ ಜಾಗದಲ್ಲಿ ಹಾಗಾಗಿರ್ಲಿಲ್ಲ. ಸಾಸಿವೆ ಎಣ್ಣೆನೂ ನೆತ್ತಿಗೆ ಉರಿ ತರಬಹುದು. ನಮ್ಮ ಮನೆಗಳಲ್ಲಿ ಸಿಗೋ ಕೊಬ್ಬರಿ ಎಣ್ಣೆ, ಇಲ್ಲಾಂದ್ರೆ ಒಲೆ ಪಕ್ಕದ ಸೂರ್ಯಕಾಂತಿ ಎಣ್ಣೆ, ಸಾಕು. ಹರಳೆಣ್ಣೆ ಇಷ್ಟ ಇದ್ರೆ ಒಂದು ಪಾಲು ಹರಳೆಣ್ಣೆಗೆ ಮೂರು ಪಾಲು ಕೊಬ್ಬರಿ ಎಣ್ಣೆ ಸೇರಿಸಿ. ಬರೀ ಹರಳೆಣ್ಣೆ ತೊಳೆಯೋದು ದೊಡ್ಡ ಗೋಳು, ಅದನ್ನ ಬಿಡಿಸೋಕೆ ಎರಡು ಮೂರು ಸಲ ಶಾಂಪೂ ಹಾಕಿದ್ರೆ ರಾತ್ರಿ ಮಾಡಿದ್ದೆಲ್ಲ ಬೆಳಗ್ಗೆ ಹಾಳು.

ಹಚ್ಚೋ ರೀತಿ ಹೇಳ್ತೀನಿ. ಪ್ರಮಾಣ ಒಂದರಿಂದ ಒಂದೂವರೆ ಟೀ ಚಮಚ, ಅಷ್ಟೇ. ಅಂಗೈಗೆ ಸುರಿದು ತಲೆ ಮೇಲೆ ಬಡಿಯೋದಲ್ಲ, ಅದರಲ್ಲಿ ಮುಕ್ಕಾಲು ಭಾಗ ಕೂದಲಿಗೆ ಹೋಗುತ್ತೆ. ಬಾಚಣಿಗೆಯಲ್ಲಿ ಬೈತಲೆ ತೆಗೀರಿ, ಬೆರಳ ತುದಿ ಎಣ್ಣೆಯಲ್ಲಿ ಅದ್ದಿ, ಕಾಣೋ ಚರ್ಮಕ್ಕೆ ಸವರಿ. ಒಂದು ಬೆರಳಗಲ ಬಿಟ್ಟು ಇನ್ನೊಂದು ಬೈತಲೆ. ಹೀಗೇ ಇಡೀ ತಲೆ. ಐದಾರು ನಿಮಿಷದ ಕೆಲಸ. ಉಗುರು ಮುಟ್ಟಿಸಬೇಡಿ. ಪದರ ಎದ್ದಿದೆ ಅಂತ ಕೆರೆದು ಕೀಳಬೇಡಿ, ಕಿತ್ತ ಜಾಗ ಗಾಯ ಆಗಿ ಸೋಂಕು ಹತ್ತುತ್ತೆ. ಎಣ್ಣೆ ಬಿಸಿ ಮಾಡ್ಬೇಕಾ ಅಂತ ಕೇಳ್ತೀರಿ. ಚಳಿಗೆ ಹೆಪ್ಪುಗಟ್ಟಿದ್ರೆ ಬಾಟಲಿಯನ್ನ ಬಿಸಿ ನೀರಿನ ಲೋಟದಲ್ಲಿ ಇಟ್ರೆ ಸಾಕು. ಒಲೆ ಮೇಲಿಟ್ಟ ಎಣ್ಣೆ ಮೇಲೆ ನೋಡೋಕೆ ಒಂದೇ ಥರ ಇರುತ್ತೆ, ಎಷ್ಟು ಕಾದಿದೆ ಅಂತ ನೆತ್ತಿಗೆ ಬಿದ್ದ ಮೇಲೇ ಗೊತ್ತಾಗೋದು.

ಒದ್ದೆ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿ ಮಲಗಬೇಡಿ. ಸಡಿಲ ಜಡೆ, ಮೇಲೊಂದು ಹಳೇ ಕಾಟನ್ ಬಟ್ಟೆ. ಹಣೆಯಲ್ಲಿ ಸಣ್ಣ ಸಣ್ಣ ಮೊಡವೆ ಆಗೋರು ಕೂದಲಂಚಿನಿಂದ ಎರಡು ಬೆರಳು ದೂರ ಇರಿ, ದಿಂಬಿನ ಕವರ್‌ನ ಎರಡು ದಿನಕ್ಕೊಮ್ಮೆ ಬದಲಿಸಿ. ಎಣ್ಣೆ ಹಣೆಗಿಳಿದು ರಂಧ್ರ ಮುಚ್ಚಿ ಬರೋ ಮೊಡವೆಗೆ ವೈದ್ಯಶಾಸ್ತ್ರದಲ್ಲಿ ಪೊಮೇಡ್ ಆಕ್ನೆ ಅಂತ ಹೆಸರೇ ಇದೆ. ಮತ್ತೆ ನೆಗಡಿ ಆಗುತ್ತೆ ಅನ್ನೋ ಭಯ ಬೇಡ, ನೆಗಡಿ ತರೋದು ವೈರಸ್, ಎಣ್ಣೆಯಲ್ಲ.

ಎಷ್ಟು ಸಲ? ವಾರಕ್ಕೆ ಎರಡು ರಾತ್ರಿ. ಅದೂ ಮರುದಿನ ಬೆಳಗ್ಗೆ ತಲೆ ತೊಳೆಯೋ ರಾತ್ರಿ ಮಾತ್ರ. ತೊಳೆಯದೆ ಎಣ್ಣೆ ಮೇಲೆ ಎಣ್ಣೆ ಹಚ್ಚುತ್ತಾ ಹೋದ್ರೆ ಧೂಳು, ಬೆವರು, ಹೊಗೆ ಎಲ್ಲ ಅಂಟಿ ಒಣ ನೆತ್ತಿಯೂ ಕೊನೆಗೆ ಹೊಟ್ಟಿನ ತಲೆ ಆಗಬಹುದು. ಬೆಳಗ್ಗೆ ಶಾಂಪೂನ ನೀರಲ್ಲಿ ಕಲಸಿ ನೆತ್ತಿಗೆ ಮಾತ್ರ ಹಾಕಿ. ಇಳಿದು ಹೋಗೋ ನೊರೆ ಕೂದಲ ಉದ್ದಕ್ಕೆ ಸಾಕು. ನೀರು ಮೊಣಕೈಗೆ ಬಿಟ್ಕೊಂಡ್ರೆ ಬೆಚ್ಚಗಿರಬೇಕು, ಹೊಗೆಯಾಡಬಾರದು. ನನಗನ್ನಿಸೋ ಹಾಗೆ ಇಡೀ ಆರೈಕೆಯಲ್ಲಿ ಹೆಚ್ಚು ಜನ ಎಡವೋದು ಇಲ್ಲೇ. ರಾತ್ರಿ ಶ್ರದ್ಧೆಯಿಂದ ಎಣ್ಣೆ, ಬೆಳಗ್ಗೆ ಗೀಸರ್‌ನ ಕುದಿಯೋ ನೀರು.

ಇಲ್ಲಿ ಒಂದು ಹಳೇ ಮಾತು ನೆನಪಿಸ್ಬೇಕು. ಎಣ್ಣೆ ಹಚ್ಚೋದು ನಮ್ಮ ಸಂಪ್ರದಾಯ ಅಂತ ಎಲ್ರೂ ಹೇಳ್ತಾರೆ. ಹೌದು. ಆದ್ರೆ ನರಕ ಚತುರ್ದಶಿಯ ಎಣ್ಣೆ ಸ್ನಾನ ನೆನಪು ಮಾಡ್ಕೊಳ್ಳಿ. ಬೆಳಗಿನ ಜಾವ ಎಬ್ಬಿಸಿ, ಮಣೆ ಮೇಲೆ ಕೂರಿಸಿ, ತಲೆಗೆ ಮೈಗೆ ಎಣ್ಣೆ ಒತ್ತಿ, ಸ್ವಲ್ಪ ಹೊತ್ತು ನೆನೆಯೋಕೆ ಬಿಟ್ಟು, ಆಮೇಲೆ ಸೀಗೆಪುಡಿ ಹಾಕಿ ಹಂಡೆ ನೀರಲ್ಲಿ ಮೀಯಿಸ್ತಾರೆ. ಎಣ್ಣೆ ಮತ್ತು ಸೀಗೆಕಾಯಿ ಒಂದೇ ಬೆಳಗ್ಗೆ. ಹಚ್ಚೋದು ಎಷ್ಟು ಮುಖ್ಯವೋ ತೊಳೆಯೋದೂ ಅಷ್ಟೇ ಮುಖ್ಯವಾಗಿತ್ತು. ಅದರಲ್ಲಿ ಅರ್ಧ ಮಾತ್ರ ಇಟ್ಕೊಂಡು, ಸೋಮವಾರ ಹಚ್ಚಿದ ಎಣ್ಣೆಯನ್ನ ಭಾನುವಾರದವರೆಗೂ ತಲೆಯಲ್ಲೇ ಹೊತ್ಕೊಂಡು ಓಡಾಡೋದು ಬೇರೆ ಅಭ್ಯಾಸ. ಮನೆಯಲ್ಲಿ ಅಮ್ಮನ ಹತ್ರ ವಾದ ಬಂದ್ರೆ ಇದನ್ನೇ ಹೇಳಿ, "ಅಮ್ಮಾ, ಎಣ್ಣೆ ಬೇಡ ಅಂತಿಲ್ಲ, ಹಚ್ಚಿ ಒಂದು ಗಂಟೆಗೆ ತೊಳೀತೀನಿ" ಅಂತ. ಜಗಳ ಅರ್ಧಕ್ಕೆ ಇಳಿಯುತ್ತೆ.

ಅಮ್ಮಂದಿರ ಮಾತಲ್ಲೂ ಸತ್ಯ ಇದೆ, ಅದನ್ನೂ ಹೇಳ್ಬೇಕು. ಕೊಬ್ಬರಿ ಎಣ್ಣೆ ಕೂದಲೊಳಗೆ ಇಳಿದು, ತೊಳೆಯುವಾಗ ಕೂದಲಿನ ಪ್ರೋಟೀನ್ ಸವೆಯೋದನ್ನ ಕಡಿಮೆ ಮಾಡುತ್ತೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಆ ಕೆಲಸ ಮಾಡಲ್ಲ ಅಂತ 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನ ತೋರಿಸಿತು. ಗಮನಿಸಿ, ಅದು ಕೂದಲ ವಿಷಯ, ನೆತ್ತಿಯ ವಿಷಯ ಅಲ್ಲ. ಹೊಟ್ಟು ಇದ್ದೂ ಕೂದಲಿಗೆ ಎಣ್ಣೆ ಬೇಕು ಅನ್ನೋರು ಕಿವಿಯಿಂದ ಕೆಳಗಿನ ಕೂದಲಿಗೆ ಹಚ್ಚಿ, ಬುಡ ಬಿಡಿ. ಇನ್ನು ಕೊಬ್ಬರಿ ಎಣ್ಣೆ ಹೊಟ್ಟಿಗೆ ಶತ್ರುನೇ ಅಂತ ತೀರ್ಪು ಕೊಡೋ ಹಾಗೂ ಇಲ್ಲ. ಅದರ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಅದು ಸ್ಯಾಚುರೇಟೆಡ್ ಕೊಬ್ಬು, ಅಂದ್ರೆ ಆ ಯೀಸ್ಟಿನ ಊಟದ ಪಟ್ಟಿಗೆ ಸೇರುವಂಥದ್ದು. ಆದ್ರೆ ಅದೇ ಲಾರಿಕ್ ಆಮ್ಲಕ್ಕೆ ಸೂಕ್ಷ್ಮಜೀವಿಗಳನ್ನ ತಡೆಯೋ ಗುಣವೂ ಇದೆ. ಭೋಪಾಲದ ಐಸರ್ ಸಂಸ್ಥೆಯ ಸಂಶೋಧಕರು ಭಾರತೀಯ ಮಹಿಳೆಯರ ನೆತ್ತಿಯ ಸೂಕ್ಷ್ಮಜೀವಿಗಳನ್ನ ಅಧ್ಯಯನ ಮಾಡಿ, ಕೊಬ್ಬರಿ ಎಣ್ಣೆ ಬಳಕೆಯಿಂದ ಒಳ್ಳೇ ಜೀವಿಗಳ ಪಾಲು ಹೆಚ್ಚಾಯ್ತು ಅಂತ 2021ರಲ್ಲಿ ಬರೆದಿದ್ದಾರೆ. ಹಾಗಾಗಿ ಈ ಪ್ರಶ್ನೆ ಇನ್ನೂ ಪೂರ್ತಿ ಮುಗಿದಿಲ್ಲ. ಆದ್ರೆ ಹೊಟ್ಟು ಏರಿ, ಕೆಂಪಾಗಿ, ತುರಿಸ್ತಿರೋ ತಲೆಗೆ ರಾತ್ರಿಗಟ್ಟಲೆ ಎಣ್ಣೆ ಇಟ್ಟು ವಾಸಿ ಮಾಡ್ತೀನಿ ಅಂತ ಹೊರಡೋದು ಬೇಡ.

ಹಾಗಿದ್ರೆ ಹೊಟ್ಟು ಇರೋರು ರಾತ್ರಿ ಏನು ಮಾಡ್ಬೇಕು? ಏನೂ ಮಾಡ್ಬೇಕಿಲ್ಲ. ಇದು ಕೇಳೋಕೆ ಸಪ್ಪೆ, ಆದ್ರೆ ಹೊಟ್ಟಿನ ಮದ್ದು ಇರೋದು ಬೆಳಗಿನ ಬಚ್ಚಲಲ್ಲಿ. ಶೇಕಡಾ 2 ಕೀಟೊಕೊನಜೋಲ್ ಇರೋ ಶಾಂಪೂ ಮೆಡಿಕಲ್ ಶಾಪಲ್ಲಿ ಸಿಗುತ್ತೆ. ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ನೆತ್ತಿಗೆ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೀಬೇಕು. ಈ ನಿಮಿಷಗಳೇ ಔಷಧಿ. ಹಚ್ಚಿದ ತಕ್ಷಣ ನೀರು ಸುರಿದ್ರೆ ದುಡ್ಡು ಮೋರಿಗೆ ಹೋದ ಹಾಗೆ. ಫೋನಲ್ಲಿ ಒಂದು ಹಾಡು ಹಾಕ್ಕೊಳ್ಳಿ, ಹಾಡು ಮುಗಿಯೋವರೆಗೂ ಮಗ್ ಮುಟ್ಟಬೇಡಿ. ಹತೋಟಿಗೆ ಬಂದ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಂದು ಸಲ ಸಾಕು. ಚಕ್ಕೆ ದಪ್ಪಗಿದ್ರೆ ತೊಳೆಯೋಕೆ ಅರ್ಧ ಗಂಟೆ ಮುಂಚೆ ಸ್ವಲ್ಪ ಎಣ್ಣೆ ಹಚ್ಚಿ ಮೆತ್ತಗೆ ಮಾಡ್ಕೋಬಹುದು, ಆದ್ರೆ ಅದನ್ನ ಮೊದಲು ಸಾಧಾರಣ ಶಾಂಪೂನಲ್ಲಿ ತೆಗೆದು ಆಮೇಲೆ ಔಷಧಿ ಶಾಂಪೂ. ಗರ್ಭಿಣಿಯರು, ಹಾಲೂಡಿಸೋ ತಾಯಂದಿರು, ಚಿಕ್ಕ ಮಕ್ಕಳ ವಿಷಯದಲ್ಲಿ ಡಾಕ್ಟರನ್ನ ಕೇಳದೆ ಬೇಡ. ಶಿರಸಿಯ ತಂಗಿಗೆ: ನಿಮಗೆ ಇಂಟರ್‌ವ್ಯೂಗೆ ನಾಲ್ಕು ವಾರ ಇದೆ, ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತೆ. ಇವತ್ತೇ ಎಣ್ಣೆ ನಿಲ್ಸಿ ಶುರು ಮಾಡಿ. ಎರಡು ವಾರಕ್ಕೂ ಏನೂ ಬದಲಾವಣೆ ಇಲ್ಲ ಅಂದ್ರೆ ಕಾಯಬೇಡಿ, ಚರ್ಮವೈದ್ಯರ ಹತ್ರ ಹೋಗಿ. ಆಗಲೂ ನಿಮ್ಮ ಕೈಲಿ ಎರಡು ವಾರ ಉಳಿದಿರುತ್ತೆ.

ಊರಲ್ಲಿ ಇಲ್ಲದ್ದು ಬೆಂಗಳೂರಲ್ಲಿ ಯಾಕೆ ಬಂತು ಅನ್ನೋದು ಅವರ ಇನ್ನೊಂದು ಪ್ರಶ್ನೆ. ಎಲ್ರೂ ನೀರನ್ನ ದೂರ್ತಾರೆ. ಕಾವೇರಿ ಬರೋ ಬೀದಿಗೂ ಬೋರ್‌ವೆಲ್, ಟ್ಯಾಂಕರ್ ನಂಬಿರೋ ಬಡಾವಣೆಗೂ ವ್ಯತ್ಯಾಸ ಇರೋದು ನಿಜ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಒಂದು ಲೀಟರ್‌ಗೆ 200 ಮಿಲಿಗ್ರಾಂ ಗಡಸುತನ ಒಪ್ಪುವ ಮಿತಿ, ಬೇರೆ ನೀರೇ ಇಲ್ಲದಿದ್ರೆ 600ರವರೆಗೆ. ಬಕೆಟ್ ಅಂಚಲ್ಲಿ, ನಲ್ಲಿ ಮೂತಿಯಲ್ಲಿ ಬಿಳಿ ಕರೆ ಕಟ್ತಿದ್ರೆ ನಿಮ್ಮ ನೀರು ಗಡಸು. ಇಂಥ ನೀರಲ್ಲಿ ಸೋಪು ಹಾಕಿ ತಲೆ ತೊಳೆದ್ರೆ ಕ್ಯಾಲ್ಸಿಯಂ ಜೊತೆ ಸೇರಿ ಅಂಟು ಗಷ್ಟು ಆಗುತ್ತೆ, ಒಣಗಿದ ಮೇಲೆ ಅದೂ ಬಿಳಿ ಪುಡಿಯ ಹಾಗೇ ಕಾಣುತ್ತೆ. ಎಷ್ಟೋ ಜನ ಹೊಟ್ಟು ಅಂದ್ಕೊಂಡಿರೋದು ಇದನ್ನೇ ಇರಬಹುದು. ತಲೆಗೆ ಸೋಪು ಬಿಟ್ಟು ಶಾಂಪೂ ಬಳಸಿದ್ರೆ ಈ ತೊಂದರೆ ಬಹಳ ಕಡಿಮೆ.

ಆದ್ರೆ ಎಲ್ಲ ತಪ್ಪನ್ನೂ ನೀರಿನ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಇಂಗ್ಲೆಂಡಿನಲ್ಲಿ ಎಕ್ಸಿಮಾ ಇರೋ 336 ಮಕ್ಕಳನ್ನ ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ನೀರು ಮೆದು ಮಾಡೋ ಯಂತ್ರ ಹಾಕಿಸಿ ನೋಡಿದ್ರು. 2011ರಲ್ಲಿ ಬಂದ ಫಲಿತಾಂಶ: ಎಕ್ಸಿಮಾದ ತೀವ್ರತೆಯಲ್ಲಿ ಯಂತ್ರದಿಂದ ಲಾಭ ಕಾಣ್ಲಿಲ್ಲ. ಇನ್ನು ಆನ್‌ಲೈನಲ್ಲಿ ಸಿಗೋ ಶವರ್ ತುದಿಗೆ ಸಿಕ್ಕಿಸೋ ಪುಟ್ಟ ಫಿಲ್ಟರ್ ಕೆಸರು, ಕ್ಲೋರಿನ್ ತಡೆಯಬಹುದು, ಆದ್ರೆ ಗಡಸುತನ ತೆಗೆಯೋಕೆ ಬೇಕಿರೋದು ಅಯಾನು ವಿನಿಮಯ ಮಾಡೋ ದೊಡ್ಡ ಸಾಫ್ಟ್‌ನರ್. ಪಿಜಿಯಲ್ಲಿ ಇರೋರು ಆ ದುಡ್ಡು ಉಳಿಸಿ. ಬೇಕಿದ್ರೆ ಕೊನೇ ಒಂದು ಮಗ್ ಮಾತ್ರ ಕುಡಿಯೋ ನೀರಲ್ಲಿ ತಲೆ ಜಾಲಿಸಿ. ಊರು ಬಿಟ್ಟು ಬಂದಾಗ ಬರೀ ನೀರೇ ಬದಲಾಗಲ್ಲ. ಹವೆ, ನಿದ್ದೆ, ಪರೀಕ್ಷೆಯ ಒತ್ತಡ, ಶಾಂಪೂ ಎಲ್ಲ ಬದಲಾಗುತ್ತೆ. ಒತ್ತಡಕ್ಕೆ ಹೊಟ್ಟು ಏರೋದು ಚೆನ್ನಾಗಿ ಗೊತ್ತಿರೋ ವಿಷಯ.

ಅಡುಗೆಮನೆ ಪ್ರಯೋಗಗಳ ಬಗ್ಗೆ ಉದ್ದ ಮಾತಾಡಲ್ಲ. ನಿಂಬೆರಸ ಬೇಡ, ಅದು ತೀರಾ ಹುಳಿ, ಬಿರಿದ ಚರ್ಮಕ್ಕೆ ಉರಿ. ಅಡುಗೆ ಸೋಡಾ ಬೇಡ, ಅದು ಕ್ಷಾರ, ನೆತ್ತಿಗೆ ಬೇಕಿರೋದು ಸ್ವಲ್ಪ ಆಮ್ಲೀಯ ಸ್ಥಿತಿ. ಈರುಳ್ಳಿ, ಬೆಳ್ಳುಳ್ಳಿ ರಸ ರಾತ್ರಿಯಿಡೀ ಇಟ್ಟು ಸುಟ್ಟ ಗಾಯ ಮಾಡ್ಕೊಂಡು ಬರೋರು ಇದ್ದಾರೆ. ಮೊಸರು, ಮೆಂತ್ಯ ತಂಪು ಅನ್ಸುತ್ತೆ, ಅರ್ಧ ಗಂಟೆ ಇಟ್ಟು ತೊಳೆದ್ರೆ ಹಾನಿ ಇಲ್ಲ. ಅದನ್ನ ಹಚ್ಕೊಂಡು ಮಲಗೋ ಶಿಕ್ಷೆ ಬೇಡ.

ಹುಡುಗರು ಇಷ್ಟು ಹೊತ್ತು ಇದು ನಮಗಲ್ಲ ಅಂದ್ಕೊಂಡಿದ್ರೆ, ನಿಮ್ಮ ಮೆಸೇಜುಗಳೂ ಬಂದಿವೆ. ಕೂದಲು ಉದುರೋದಕ್ಕೆ ಮಿನಾಕ್ಸಿಡಿಲ್ ಹಚ್ಚೋಕೆ ಶುರು ಮಾಡಿದ ಮೇಲೆ ತಲೆ ಒಣಗಿ ತುರಿಸ್ತಿದೆ ಅಂತ ಹಲವರು ಕೇಳಿದ್ರು. ಆ ದ್ರಾವಣದಲ್ಲಿ ಆಲ್ಕೊಹಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಇರುತ್ತೆ, ತುರಿಕೆಗೆ ಹೆಚ್ಚಿನ ಸಲ ಎರಡನೆಯದೇ ಕಾರಣ. ಫೋಮ್ ರೂಪದಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಇರಲ್ಲ, ಬದಲಿಸಬಹುದಾ ಅಂತ ನಿಮ್ಮ ಡಾಕ್ಟರನ್ನ ಕೇಳಿ. ಅದರ ಮೇಲೆ ರಾತ್ರಿ ಎಣ್ಣೆ ಬಳಿಯೋದು ಪರಿಹಾರ ಅಲ್ಲ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ತಿದ್ರೆ ತುಟಿ ಒಣಗೋ ಹಾಗೇ ನೆತ್ತಿಯೂ ಒಣಗುತ್ತೆ, ಅದು ನಿಜವಾದ ಒಣ ನೆತ್ತಿ, ಮೇಲೆ ಹೇಳಿದ ಎಣ್ಣೆ ಕ್ರಮ ನಿಮಗೆ ಸರಿಹೊಂದುತ್ತೆ. ಹೇರ್ ಡೈ ಹಾಕಿದ ಒಂದೆರಡು ದಿನಕ್ಕೆ ಉರಿ, ಊತ, ನೀರು ಗುಳ್ಳೆ ಅಂದ್ರೆ ಅಲರ್ಜಿ, ಮತ್ತೆ ಆ ಡೈ ಮುಟ್ಟಬೇಡಿ.

ಡೆಲಿವರಿ ಕೆಲಸ ಮಾಡೋ ಒಬ್ಬರು ದಿನಕ್ಕೆ ಹತ್ತು ಗಂಟೆ ಹೆಲ್ಮೆಟ್ ಹಾಕ್ತೀನಿ ಅಂತ ಬರೆದಿದ್ರು. ಹೆಲ್ಮೆಟ್ ಬಿಡಿ ಅಂತ ಯಾರೂ ಹೇಳಲ್ಲ. ಒಳಗೆ ತೆಳು ಕಾಟನ್ ಬಟ್ಟೆ ಕಟ್ಟಿ, ಅಂಥ ಮೂರು ಬಟ್ಟೆ ಇಟ್ಕೊಂಡು ದಿನಾ ಒಗೆದದ್ದು ಬಳಸಿ. ಎಣ್ಣೆ ಹಚ್ಚಿದ ತಲೆ ಮೇಲೆ ಮಾತ್ರ ಹೆಲ್ಮೆಟ್ ಬೇಡ, ಬೆಚ್ಚಗೆ, ಒದ್ದೆ, ಜಿಡ್ಡು, ಆ ಯೀಸ್ಟಿಗೆ ಇದಕ್ಕಿಂತ ಒಳ್ಳೇ ಮನೆ ಸಿಗಲ್ಲ.

ಕೊನೇದಾಗಿ, ಯಾವ ಎಣ್ಣೆ, ಯಾವ ಶಾಂಪೂಗೂ ಕಾಯದೆ ಡಾಕ್ಟರ್ ಹತ್ರ ಹೋಗಬೇಕಾದ ಸಂದರ್ಭಗಳು. ಬೆಳ್ಳಿ ಬಣ್ಣದ ದಪ್ಪ ಪದರ ಕೂದಲಂಚು ದಾಟಿ ಹಣೆಗೆ ಬಂದಿದ್ರೆ, ಮೊಣಕೈ ಮೊಣಕಾಲಲ್ಲೂ ಅಂಥದ್ದೇ ಇದ್ರೆ ಅದು ಸೋರಿಯಾಸಿಸ್ ಇರಬಹುದು. ಒಂದು ಜಾಗದಲ್ಲಿ ದುಂಡಗೆ ಕೂದಲು ಹೋಗಿದ್ರೆ, ಅದರಲ್ಲೂ ಮಕ್ಕಳಲ್ಲಿ, ಅದು ತಲೆಗಜ್ಜಿ ಇರಬಹುದು. ಅದಕ್ಕೆ ಮಾತ್ರೆ ಬೇಕಾಗುತ್ತೆ, ಬರೀ ಮೇಲೆ ಹಚ್ಚಿದ್ರೆ ಹೋಗಲ್ಲ, ತಡ ಮಾಡಿದ್ರೆ ಆ ಜಾಗದಲ್ಲಿ ಕೂದಲು ಶಾಶ್ವತವಾಗಿ ಹೋಗೋ ಸಾಧ್ಯತೆ ಇದೆ. ಕೀವು, ನೋವು, ಜ್ವರ ಇದ್ರಂತೂ ಅದೇ ದಿನ ಹೋಗಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಚರ್ಮರೋಗ ವಿಭಾಗ ಇರುತ್ತೆ, ಹಗಲು ಹೊತ್ತಲ್ಲಿ ಒಪಿಡಿ ಚೀಟಿ ಮಾಡಿಸಿದ್ರೆ ಸಾಕು.

ಮತ್ತೆ ಮೆಡಿಕಲ್ ಶಾಪಲ್ಲಿ "ತಲೆ ತುರಿಕೆಗೆ ಏನಾದ್ರೂ ಕೊಡಿ" ಅಂತ ಕೇಳಿ ತಂದ ಲೋಷನ್ ಮೇಲೆ ಬೆಟಾಮೆಥಾಸೋನ್ ಅಂತಲೋ ಕ್ಲೋಬೆಟಾಸೋಲ್ ಅಂತಲೋ ಇದೆಯಾ ನೋಡಿ. ಅವು ಸ್ಟೀರಾಯ್ಡ್. ಹಚ್ಚಿದ ರಾತ್ರಿನೇ ತುರಿಕೆ ಮಾಯ ಆಗುತ್ತೆ, ಅದಕ್ಕೇ ಜನ ನಿಲ್ಸೋದೇ ಇಲ್ಲ. ಡಾಕ್ಟರ್ ಲೆಕ್ಕ ಹಾಕಿ ಕೆಲವು ದಿನಕ್ಕೆ ಕೊಟ್ರೆ ಅದು ಒಳ್ಳೇ ಔಷಧಿ. ನಾವೇ ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ, ಶಿಲೀಂಧ್ರ ಸೋಂಕಿದ್ರೆ ಅದು ಮರೆಯಲ್ಲೇ ಹರಡುತ್ತೆ. ಮನೆಯಲ್ಲಿ ಅಂಥ ಬಾಟಲಿ ಇದ್ರೆ, ಎಷ್ಟು ದಿನದಿಂದ ಹಚ್ತಿದೀರಿ ಅಂತ ಲೆಕ್ಕ ಹಾಕ್ಕೊಂಡು, ಬಾಟಲಿ ಸಮೇತ ಡಾಕ್ಟರ್ ಹತ್ರ ಹೋಗಿ.

ಮುಂದಿನ ಸಂಚಿಕೆಯಲ್ಲಿ ಸನ್‌ಸ್ಕ್ರೀನ್: ಕಪ್ಪಗಿರೋರಿಗೆ ಬೇಕಾ ಅನ್ನೋ ಪ್ರಶ್ನೆ. ವಾಯ್ಸ್ ನೋಟ್ ಒಂದು ನಿಮಿಷದೊಳಗೆ ಇರಲಿ, ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡಿ, ಅರ್ಧ ಜನರ ಮಾತು ನಮಗೆ ಗಾಳಿ ಸದ್ದಲ್ಲೇ ಹೋಗ್ತಿದೆ. ಸಿಗೋಣ.